ದೋಣಿ ಟ್ರೇಲರಿನ ಗಾಲಿಗೆ ಗ್ರೀಸ್ ಒತ್ತಿದರೆ ಸಾಲದು, ಬಿಚ್ಚಿ ನೋಡಬೇಕು

ತಮ್ಮಾ, ನಿನ್ನ ಮೆಸೇಜ್ ಪೂರ್ತಿ ಕೇಳಿದೆ. ನಿನಗೊಬ್ಬನಿಗೇ ಹೇಳಬಹುದಿತ್ತು, ಆದರೆ ಟ್ರೇಲರ್ ಎಳೆಯುವವರು ಎಲ್ಲರೂ ಈ ಗ್ರೂಪಿನಲ್ಲೇ ಇದ್ದೀರಿ ಅಲ್ವಾ, ಅದಕ್ಕೆ ಇಲ್ಲೇ ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ. ಪುರುಸೊತ್ತು ಮಾಡಿಕೊಂಡು ಕೇಳಿರಿ.

ನೀನು ಹೇಳಿದ್ದು ಇಷ್ಟು. ಮಂಡಳಿಯ ಫೈಬರ್ ದೋಣಿಯನ್ನು ಜಮಖಂಡಿಯಿಂದ ಚಿಕ್ಕಪಡಸಲಗಿ ಕಡೆ ಕೃಷ್ಣಾ ಹೊಳೆಗೆ ಒಯ್ಯುವಾಗ ಟ್ರೇಲರಿನ ಬಲಗಾಲಿ ಗರಗರ ಅಂದಿತು. ಇಳಿದು ಹಬ್, ಅಂದರೆ ಬೇರಿಂಗ್ ಕೂರುವ ಗಾಲಿಯ ನಡುಭಾಗ, ಮುಟ್ಟಿದರೆ ಕೈ ಇಡಲಾಗಲಿಲ್ಲ. ಹಾಗೇ ಟ್ರೇಲರನ್ನು ಹಿಂದಕ್ಕೆ ಒತ್ತಿ ನೀರಿಗೆ ಇಳಿಸಿ ದೋಣಿ ಬಿಟ್ಟಿರಿ. ವಾಪಸ್ ಬಂದ ಮೇಲೆ ಯಾರೋ ಹೇಳಿದರು, ಗ್ರೀಸ್ ಒತ್ತಿಬಿಡಿ, ಈ ಮಳೆಗಾಲ ನಡೆಯುತ್ತದೆ ಅಂತ. ಹೌದೋ ಅಲ್ಲವೋ ಅಂತ ನಿನ್ನ ಪ್ರಶ್ನೆ.

ಅಲ್ಲ. ಎರಡೂ ಗಾಲಿ ಬಿಚ್ಚಿ, ಬೇರಿಂಗ್ ಹೊರಗೆ ತೆಗೆದು ತೊಳೆದು ನೋಡುವವರೆಗೆ ಆ ಟ್ರೇಲರ್ ರಸ್ತೆಗೆ ಇಳಿಯಬಾರದು. ಮಿರಗ, ಅಂದರೆ ಮೃಗಶಿರಾ ಮಳೆ, ಹತ್ತಿರ ಬಂತು. ಮಹಾರಾಷ್ಟ್ರದ ಕೊಯ್ನಾ ಅಣೆಕಟ್ಟಿನಿಂದ ನೀರು ಬಿಟ್ಟು ಹೊಳೆ ಏರಿದ ದಿನ, ಗಾಲಿ ಕಳಚಿ ರಸ್ತೆಯಲ್ಲಿ ಕೂತರೆ ದೋಣಿ ಇದ್ದೂ ಇಲ್ಲದ ಹಾಗೆ. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಕೂಡಿ ಬಂದಾಗ ಒಂದೊಂದು ದೋಣಿಗೆ ಎಷ್ಟು ಜನ ಕಾಯುತ್ತಿದ್ದರು, ನೆನಪು ಮಾಡಿಕೊಳ್ಳಿ.

ನಮ್ಮ ಕಡೆ ಟ್ರೇಲರ್ ಅಂದರೆ ಕಬ್ಬಿನ ಟ್ರೇಲರ್. ಕಾರ್ಖಾನೆ ಸುರುವಾಗುವ ಮುಂಚೆ ಗಾಲಿ ಬಿಚ್ಚಿ ಗ್ರೀಸ್ ಹಾಕುತ್ತಾರೆ, ಸೀಸನ್ ಪೂರ್ತಿ ಎಳೆಯುತ್ತಾರೆ. ಅದಕ್ಕೆ ಭಾರದ ಕಾಟ, ಧೂಳಿನ ಕಾಟ. ದೋಣಿ ಟ್ರೇಲರಿಗೆ ಭಾರವೂ ಕಡಿಮೆ, ಓಟವೂ ಕಡಿಮೆ. ಅದಕ್ಕೇ ಅದರ ಬೇರಿಂಗಿಗೆ ಏನೂ ಆಗುವುದಿಲ್ಲ ಅಂತ ಜನ ತಿಳಿದುಬಿಡುತ್ತಾರೆ. ಇದು ತಪ್ಪು. ಅದು ಓಡಿ ಕೆಡುವುದಿಲ್ಲ. ಒದ್ದೆಯಾಗಿ, ಹಾಗೇ ತಿಂಗಳುಗಟ್ಟಲೆ ನಿಂತು ಕೆಡುತ್ತದೆ.

ಹೇಗೆ ಅಂದರೆ, ಗಾಲಿ ಓಡಿದಾಗ ಹಬ್ ಬಿಸಿಯಾಗುತ್ತದೆ. ಒಳಗಿನ ಗಾಳಿಯೂ ಬಿಸಿಯಾಗಿ ಹಿಗ್ಗುತ್ತದೆ, ಸ್ವಲ್ಪ ಹೊರಗೆ ಹೋಗುತ್ತದೆ. ಆಮೇಲೆ ಹೊಳೆ ನೀರಿಗೆ ಇಳಿಸಿದಿರಿ. ಹಬ್ ಒಮ್ಮೆಲೇ ತಣ್ಣಗಾಯಿತು, ಒಳಗಿನ ಗಾಳಿ ಕುಗ್ಗಿತು. ಬಿಸಿ ಅನ್ನ ಹಾಕಿ ಮುಚ್ಚಿದ ಸ್ಟೀಲ್ ಡಬ್ಬಿ ಆರಿದ ಮೇಲೆ ಮುಚ್ಚಳವನ್ನು ಎಳೆದು ಹಿಡಿಯುತ್ತದೆ ನೋಡು, ಹಾಗೆ. ಇಲ್ಲಿ ಹಬ್ ಎಳೆದುಕೊಳ್ಳುವುದು ನೀರನ್ನು. ಹಬ್ಬಿನ ಹಿಂಬದಿ ಮುಚ್ಚುವ ರಬ್ಬರ್ ಬಳೆ, ಅಂದರೆ ಆಯಿಲ್ ಸೀಲ್, ಸ್ವಲ್ಪ ಸವೆದಿದ್ದರೂ ಸಾಕು, ಅದರ ತುಟಿ ದಾಟಿ ನೀರು ಒಳಗೆ ಬರುತ್ತದೆ. ನೀರು ಕೂಡಿದ ಗ್ರೀಸ್ ಹಾಲಿನ ಬಣ್ಣಕ್ಕೆ ತಿರುಗುತ್ತದೆ, ಬೇರಿಂಗಿನ ರೋಲರಿಗೂ ಅದು ಉರುಳುವ ಹೊರಬಳೆಗೂ, ಅಂದರೆ ಕಪ್ಪಿಗೂ, ನಡುವೆ ಪದರ ಹಿಡಿದು ನಿಲ್ಲುವುದಿಲ್ಲ. ಆಮೇಲೆ ಟ್ರೇಲರ್ ಶೆಡ್ಡಿನಲ್ಲಿ ನಿಂತಿರುತ್ತದೆ. ರೋಲರ್ ಎಲ್ಲಿ ಒತ್ತಿ ಕೂತಿದೆಯೋ ಅಲ್ಲೇ ತುಕ್ಕಿನ ಗೆರೆ ಬೀಳುತ್ತದೆ. ಮುಂದಿನ ವರ್ಷ ಎಳೆದಾಗ ಆ ಗೆರೆ ಕಿತ್ತು ಕುಳಿಯಾಗುತ್ತದೆ. ನೀನು ಕೇಳಿದ ಗರಗರ ಅದೇ ಇರಬೇಕು.

ಆದ್ದರಿಂದ ಒಂದು ಮಾತು ಎಲ್ಲರೂ ನೆನಪಿಡಿ. ಹೊಳೆ ದಂಡೆಗೆ ಬಂದ ಕೂಡಲೇ ನೀರಿಗೆ ಇಳಿಸಬೇಡಿ. ಹಗ್ಗ ಬಿಚ್ಚಿ, ಲೈಫ್ ಜಾಕೆಟ್ ಹಂಚಿ, ಎಂಜಿನ್ ನೋಡಿ. ಅಷ್ಟರಲ್ಲಿ ಅರ್ಧ ಗಂಟೆ ಆಗುತ್ತದೆ, ಹಬ್ ಆರಿರುತ್ತದೆ. ಮುಟ್ಟಿ ನೋಡಿ ಆಮೇಲೆ ಇಳಿಸಿ. ಯಾರದಾದರೂ ಜೀವದ ಪ್ರಶ್ನೆ ಇದ್ದಾಗ ಕಾಯಲಾಗುವುದಿಲ್ಲ, ಅದು ಬೇರೆ. ಆಗ ಇಳಿಸಿ, ಆದರೆ ಆ ವಾರದಲ್ಲೇ ಹಬ್ ಬಿಚ್ಚಿ.

ಈಗ ಗ್ರೀಸ್ ಒತ್ತುವ ವಿಚಾರ. ಹಬ್ಬಿನ ನಡುವೆ ಗ್ರೀಸ್ ಒತ್ತುವ ಸಣ್ಣ ಬಾಯಿ, ನಿಪ್ಪಲ್, ಇದೆ, ಗನ್ ಹಚ್ಚಿ ಒತ್ತಿದರೆ ಗ್ರೀಸ್ ಒಳಗೆ ಹೋಗುತ್ತದೆ, ನಿಜ. ಆದರೆ ಅದು ಸುಲಭ ದಾರಿ ಹಿಡಿಯುತ್ತದೆ. ಹಳೆಯ ಗ್ರೀಸು, ನೀರು ಒಳಗಡೆ ಬೇರಿಂಗಿನಲ್ಲೇ ಉಳಿಯುತ್ತವೆ. ಜೋರಾಗಿ ಒತ್ತಿದರೆ ಹಿಂದಿನ ಸೀಲನ್ನೇ ಹೊರಗೆ ದೂಡಿಬಿಡುತ್ತದೆ, ಬ್ರೇಕ್ ಇದ್ದರೆ ಲೈನರ್ ಮೇಲೆ ಗ್ರೀಸ್ ಬೀಳುತ್ತದೆ. ಕೆಲವು ಆಕ್ಸಲ್‌ಗಳಲ್ಲಿ ಗ್ರೀಸ್ ಹಿಂದಿನ ಬೇರಿಂಗ್ ಹತ್ತಿರ ಹೋಗಿ ಹಳೆಯದನ್ನು ಮುಂದಕ್ಕೆ ತಳ್ಳುವ ಹಾಗೆ ತೂತು ಕೊರೆದಿರುತ್ತಾರೆ. ಅಂಥದ್ದಕ್ಕೆ ಗಾಲಿ ತಿರುಗಿಸುತ್ತಾ ನಿಧಾನ ಒತ್ತಬಹುದು. ಸ್ಪ್ರಿಂಗ್ ಇರುವ ಕ್ಯಾಪ್ ಸಿಗುತ್ತದೆ, ಒಳಗೆ ಸಣ್ಣ ಒತ್ತಡ ಇಟ್ಟು ನೀರು ಬರದ ಹಾಗೆ ತಡೆಯುತ್ತದೆ. ಸಿಕ್ಕರೆ ಹಾಕಿಸಿ, ಒಳ್ಳೆಯದು. ಆದರೆ ಕೆಟ್ಟ ಬೇರಿಂಗನ್ನು ಇದಾವುದೂ ಸರಿ ಮಾಡುವುದಿಲ್ಲ.

ಬಿಚ್ಚುವ ಕೆಲಸಕ್ಕೆ ಬರೋಣ. ದೋಣಿ ಕೆಳಗಿಳಿಸಿ. ಟ್ರೇಲರನ್ನು ಟ್ರ್ಯಾಕ್ಟರಿಗೋ ಜೀಪಿಗೋ ಕಟ್ಟಿಯೇ ಇರಲಿ, ಎತ್ತದೇ ಇರುವ ಕಡೆಯ ಗಾಲಿಗೆ ಹಿಂದೆ ಮುಂದೆ ಕಲ್ಲು ಕೊಡಿ. ಜಾಕ್ ಫ್ರೇಮಿಗೆ ಕೊಡಿ, ಆಕ್ಸಲ್ ಪೈಪಿನ ನಡುವೆ ಕೊಟ್ಟರೆ ಪೈಪ್ ಬಾಗುತ್ತದೆ. ಎತ್ತಿದ ಮೇಲೆ ಸ್ಟ್ಯಾಂಡ್ ಇಡಿ, ಬರೀ ಜಾಕಿನ ಮೇಲೆ ನಂಬಿ ಕೆಳಗೆ ಕೈ ಹಾಕಬೇಡಿ. ಗಾಲಿ ಬಿಚ್ಚುವ ಮುಂಚೆ ಮೇಲೆ ಒಂದು ಕೈ, ಕೆಳಗೆ ಒಂದು ಕೈ ಹಿಡಿದು ಅಲುಗಾಡಿಸಿ. ಕಟಕಟ ಅಂದರೆ ಆಟ ಜಾಸ್ತಿ ಆಗಿದೆ. ಆಮೇಲೆ ಕೈಯಿಂದ ತಿರುಗಿಸಿ ಕಿವಿಗೊಡಿ.

ಕ್ಯಾಪ್ ತೆಗೆದು, ಸ್ಪ್ಲಿಟ್ ಪಿನ್ ನೆಟ್ಟಗೆ ಮಾಡಿ ಎಳೆದು, ನಟ್ಟು ಬಿಚ್ಚಿ. ಹಬ್ ಸ್ವಲ್ಪ ಎಳೆದರೆ ವಾಷರ್ರೂ ಹೊರಗಿನ ಬೇರಿಂಗೂ ಕೈಗೆ ಬರುತ್ತವೆ. ಒಳಗಿನ ಬೇರಿಂಗ್ ಸೀಲಿನ ಹಿಂದೆ ಇರುತ್ತದೆ. ಆ ಸೀಲ್ ಎಬ್ಬಿಸಿದರೆ ಕೆಟ್ಟಿತು ಅಂತಲೇ ತಿಳಿಯಿರಿ, ಹೊಸದು ತರಬೇಕು. ಯಾವ ಬೇರಿಂಗ್ ಯಾವ ಗಾಲಿಯದು ಅಂತ ಬೇರೆ ಬೇರೆ ಇಡಿ. ಹಳೆಯ ಬೇರಿಂಗ್ ಅದೇ ಕಪ್ಪಿಗೇ ಹೋಗಬೇಕು.

ತೊಳೆಯಲು ಚಿಮಣಿ ಎಣ್ಣೆ ಸಿಕ್ಕರೆ ಚಲೋ, ಇಲ್ಲದಿದ್ದರೆ ಡೀಸೆಲ್. ಪೆಟ್ರೋಲ್ ಬೇಡ, ಬೆಂಕಿ ಅಪಾಯ. ತೊಳೆದ ಮೇಲೆ ಬಟ್ಟೆಯಿಂದ ಒರೆಸಿ ಪೂರ್ತಿ ಒಣಗಿಸಿ. ಕಂಪ್ರೆಸರ್ ಗಾಳಿ ಬಿಟ್ಟು ಬೇರಿಂಗನ್ನು ಗಿರಗಿರ ತಿರುಗಿಸುವ ಚಟ ಕೆಲವು ಹುಡುಗರಿಗೆ ಇದೆ. ದಯವಿಟ್ಟು ಮಾಡಬೇಡಿ. ಗ್ರೀಸ್ ಇಲ್ಲದ ಬೇರಿಂಗ್ ಆ ವೇಗಕ್ಕೆ ಕೆಡುತ್ತದೆ, ರೋಲರ್ ಸಿಡಿದು ಕಣ್ಣಿಗೆ ಬಡಿಯಬಹುದು.

ಈಗ ಬಿಸಿಲಿಗೆ ಹಿಡಿದು ನೋಡಿ. ರೋಲರ್ ಕನ್ನಡಿಯ ಹಾಗೆ ನುಣುಪಾಗಿದ್ದರೆ ಸರಿ. ಸಣ್ಣ ಕುಳಿ, ಎದ್ದ ಚಕ್ಕೆ, ತುಕ್ಕಿನ ಗೆರೆ ಕಂಡರೆ ಆಯಿತು ಅದರ ಕಥೆ. ನೀಲಿ ಬಣ್ಣ ಬಂದಿದ್ದರೆ ಜಾಸ್ತಿ ಕಾಯ್ದಿದೆ ಅಂತ ಅರ್ಥ, ಉಕ್ಕಿನ ಗಟ್ಟಿತನ ಹೋಗಿರುತ್ತದೆ, ನುಣುಪಾಗಿ ಕಂಡರೂ ಬಿಡಬೇಡಿ. ಕಪ್ಪಿನ ಮೇಲೆ ಉಗುರು ಎಳೆಯಿರಿ. ಉಗುರು ತಡೆದರೆ ಹೊಸ ಸೆಟ್ಟೇ. ಸೆಟ್ ಅಂದೆ, ಯಾಕೆಂದರೆ ಹಳೆಯ ಕಪ್ಪಿಗೆ ಹೊಸ ಬೇರಿಂಗ್ ಕೂರಿಸಿ ದುಡ್ಡು ಉಳಿಸುವವರಿದ್ದಾರೆ. ಹಳೆಯ ಕಪ್ಪಿನ ಕುಳಿ ಹೊಸ ರೋಲರನ್ನೂ ತಿನ್ನುತ್ತದೆ. ಕಪ್ ಹೊರಗೆ ತೆಗೆಯಲು ಹಿತ್ತಾಳೆ ರಾಡ್ ಬಳಸಿ, ಸುತ್ತಲೂ ಸ್ವಲ್ಪ ಸ್ವಲ್ಪ ಬಡಿಯಿರಿ. ಹೊಸದನ್ನು ಓರೆಯಾಗದ ಹಾಗೆ ತಳಮುಟ್ಟ ಕೂರಿಸಿ. ತಳಕ್ಕೆ ಕೂತಾಗ ಬಡಿಯುವ ಸದ್ದೇ ಬದಲಾಗುತ್ತದೆ, ಕಿವಿಗೆ ಗೊತ್ತಾಗುತ್ತದೆ.

ಬೇರಿಂಗ್ ತರಲು ಹೋಗುವಾಗ ಅಂದಾಜಿನ ಮೇಲೆ ಕೇಳಬೇಡಿ, ಮೇಲೆ ಕೆತ್ತಿದ ನಂಬರ್ ಓದಿ. 30205 ಅಂತ ಇದ್ದರೆ ಕೊನೆಯ ಎರಡು ಅಂಕಿಯನ್ನು 5ರಿಂದ ಗುಣಿಸಿ. ಒಳತೂತು 25 ಮಿಲಿಮೀಟರ್, ಹೊರಗಿನ ಅಳತೆ 52. 30206 ಆದರೆ ಒಳತೂತು 30, ಹೊರಗೆ 62. ಕೆಲವು ಟ್ರೇಲರುಗಳಿಗೆ ಇಂಚಿನ ಬೇರಿಂಗ್ ಇರುತ್ತದೆ, ಎಲ್44649 ಅಂಥದ್ದು. ಅದರ ಕಪ್ಪಿಗೆ ಬೇರೆ ನಂಬರ್, ಎಲ್44610. ಒಳತೂತು ಸುಮಾರು 27 ಮಿಲಿಮೀಟರ್. ಕಣ್ಣಿಗೆ 25ಕ್ಕೂ 27ಕ್ಕೂ ಅಂಥ ಫರಕು ಕಾಣುವುದಿಲ್ಲ, ಆಕ್ಸಲ್ಲಿಗೆ ಏರಿಸುವಾಗ ಗೊತ್ತಾಗುತ್ತದೆ. ಒಂದೇ ಹಬ್ಬಿನಲ್ಲಿ ಒಳಗಿನದು ದೊಡ್ಡದು, ಹೊರಗಿನದು ಚಿಕ್ಕದು ಇರಬಹುದು, ಎರಡರ ನಂಬರೂ ಬರೆದುಕೊಳ್ಳಿ. ಸೀಲಿನ ಮೇಲೂ ಅಳತೆ ಇರುತ್ತದೆ.

ಇನ್ನು ಆಕ್ಸಲ್. ಬೇರಿಂಗ್ ಕೂರುವ ಜಾಗವನ್ನೂ ಸೀಲಿನ ತುಟಿ ಉಜ್ಜುವ ಜಾಗವನ್ನೂ ಒರೆಸಿ ನೋಡಿ. ಸಣ್ಣ ತುಕ್ಕಾದರೆ ನುಣುಪಾದ ಪಾಲಿಶ್ ಪೇಪರಿನಿಂದ ತಿಕ್ಕಬಹುದು. ಸೀಲ್ ಉಜ್ಜಿ ಕಾಲುವೆ ಬಿದ್ದಿದ್ದರೆ ಹೊಸ ಸೀಲ್ ಹಾಕಿದರೂ ನೀರು ತಡೆಯುವುದಿಲ್ಲ, ಅಲ್ಲಿ ತೆಳುವಾದ ಸ್ಲೀವ್ ಏರಿಸಬೇಕು. ಬೇರಿಂಗ್ ಆಕ್ಸಲ್ ಮೇಲೆಯೇ ತಿರುಗಿ ಅದನ್ನು ತಿಂದಿದ್ದರೆ ಸ್ಟಬ್, ಅಂದರೆ ಗಾಲಿ ಕೂರುವ ಆಕ್ಸಲ್ ತುದಿ, ಬದಲಿಸಿ. ಸವೆದಲ್ಲಿ ವೆಲ್ಡಿಂಗ್ ತುಂಬಿ ಲೇತಿನಲ್ಲಿ ಹೊಡೆಸೋಣ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ವೆಲ್ಡಿಂಗ್ ಕಾವಿಗೆ ಆ ಜಾಗದ ಉಕ್ಕು ಬದಲಾಗುತ್ತದೆ, ಮುಂದೆ ಅಲ್ಲೇ ಬಿರುಕು ಬಿಡುತ್ತದೆ. ದೋಣಿ, ಎಂಜಿನ್, ಎಲ್ಲದರ ಭಾರ ಆ ಗೇಣುದ್ದದ ಸ್ಟಬ್ ಮೇಲೆ ಇರುತ್ತದೆ.

ಟೈರ್ ಒಂದೇ ಬದಿ ಸವೆದಿದ್ದರೆ ಆಕ್ಸಲ್ ಬಾಗಿದೆ ಅಂತ ಸಂಶಯ ಪಡಿ. ಎರಡು ಟೈರಿನ ನಡುವಿನ ಅಂತರವನ್ನು ಮುಂದೆ ಒಮ್ಮೆ, ಹಿಂದೆ ಒಮ್ಮೆ ಟೇಪಿನಿಂದ ಅಳೆಯಿರಿ, ಎರಡೂ ಹೆಚ್ಚುಕಡಿಮೆ ಒಂದೇ ಬರಬೇಕು. ಕೆಲವು ಆಕ್ಸಲ್‌ಗಳಿಗೆ ನಡುವೆ ಸ್ವಲ್ಪ ಮೇಲಕ್ಕೆ ಬಾಗು ಕೊಟ್ಟೇ ಮಾಡಿರುತ್ತಾರೆ, ಭಾರ ಬಿದ್ದಾಗ ನೆಟ್ಟಗಾಗಲಿ ಅಂತ. ಅದನ್ನು ಬಡಿದು ಸಪಾಟು ಮಾಡಲು ಹೋಗಬೇಡಿ. ಸ್ಪ್ರಿಂಗ್ ಪಟ್ಟಿ, ಯು ಬೋಲ್ಟ್ ತುಕ್ಕು ಹಿಡಿದು ತೆಳುವಾಗಿವೆಯೇ ಅಂತಲೂ ಒಮ್ಮೆ ನೋಡಿ.

ಗ್ರೀಸ್ ಯಾವುದು ಅಂತ ಎಲ್ಲರೂ ಕೇಳುತ್ತಾರೆ. ನೀರು ತಡೆಯುವ, ಗಾಲಿ ಬೇರಿಂಗಿಗೆ ಅಂತಲೇ ಬರೆದಿರುವ ಗ್ರೀಸ್ ತನ್ನಿ. ಅಗ್ಗದ ಚಾಸಿ ಗ್ರೀಸ್ ನೀರು ತಡೆಯುತ್ತದೆ, ಆದರೆ ಗಾಲಿಯ ಕಾವಿಗೆ ನಿಲ್ಲುವುದಿಲ್ಲ. ಬೇರೆ ಬೇರೆ ಜಾತಿಯ ಗ್ರೀಸ್ ಬೆರೆಸಬೇಡಿ, ಕೆಲವು ಒಂದಕ್ಕೊಂದು ಕೂಡಿದರೆ ತೆಳುವಾಗಿ ಹರಿದುಹೋಗುತ್ತವೆ. ಹಾಕುವುದು ಕೈಯಿಂದಲೇ. ಅಂಗೈಯಲ್ಲಿ ಗ್ರೀಸ್ ಇಟ್ಟು, ಬೇರಿಂಗಿನ ಅಗಲ ಬದಿಯಿಂದ ಒತ್ತುತ್ತಾ ಹೋಗಿ. ಆ ಕಡೆಯಿಂದ ರೋಲರುಗಳ ನಡುವೆ ಗ್ರೀಸ್ ಹೊರಗೆ ಬರುವವರೆಗೆ, ಸುತ್ತಲೂ. ಸೀಲಿನ ತುಟಿಗೂ ಸ್ವಲ್ಪ ಹಚ್ಚಿ.

ನಟ್ಟು ಬಿಗಿಯುವುದರಲ್ಲಿ ಹೊಸ ಬೇರಿಂಗೂ ಹಾಳಾಗುತ್ತದೆ, ಇದನ್ನು ಲಕ್ಷ್ಯ ಕೊಟ್ಟು ಕೇಳಿ. ಹಬ್ ಕೈಯಿಂದ ತಿರುಗಿಸುತ್ತಲೇ ನಟ್ಟು ಬಿಗಿ ಮಾಡಿ, ಟಾರ್ಕ್ ಪಾನಾ ಇದ್ದರೆ ಸುಮಾರು 65ರಿಂದ 70 ನ್ಯೂಟನ್ ಮೀಟರ್. ಇದು ಬೇರಿಂಗ್ ಕಪ್ಪಿಗೆ ಸರಿಯಾಗಿ ಕೂರಲಿ ಅಂತ ಅಷ್ಟೇ. ಆಮೇಲೆ ಪೂರ್ತಿ ಸಡಿಲಿಸಿ. ಈಗ ಹಬ್ ತಿರುಗಿಸಬೇಡಿ. ನಟ್ಟನ್ನು ಬರೀ ಬೆರಳಿನಿಂದ ಎಷ್ಟು ಬರುತ್ತದೋ ಅಷ್ಟೇ ತಿರುಗಿಸಿ. ಪಿನ್ನಿನ ತೂತು ಎದುರಾಗದಿದ್ದರೆ ನಟ್ಟನ್ನು ಹಿಂದಕ್ಕೆ, ಹತ್ತಿರದ ಸಂದಿಗೆ ತನ್ನಿ. ಹೊಸ ಪಿನ್ ಹಾಕಿ, ಕಾಲು ಮಡಚಿ. ಕೈಗೆ ತಿಳಿಯುವಷ್ಟು ಒಂದು ಚೂರು ಆಟ ಇದ್ದರೆ ಹೆದರಬೇಡಿ, ಅದು ಬೇಕೇ ಬೇಕು. ಪಾನಾ ಹಾಕಿ ಗಟ್ಟಿ ಬಿಗಿದು ಬಿಟ್ಟರೆ ಊರು ದಾಟುವುದರೊಳಗೆ ಕಾಯುತ್ತದೆ.

ಗಾಲಿ ಹಾಕಿ, ಮೊದಲು ದೋಣಿ ಇಲ್ಲದೆ ಸ್ವಲ್ಪ ದೂರ ಎಳೆಯಿರಿ. ನಿಲ್ಲಿಸಿ ಎರಡೂ ಹಬ್ ಮುಟ್ಟಿ. ಬೆಚ್ಚಗಿದ್ದರೆ ಸರಿ. ಒಂದು ಬೆಚ್ಚಗೆ, ಇನ್ನೊಂದು ಸುಡುತ್ತಿದ್ದರೆ ಮತ್ತೆ ಬಿಚ್ಚಿ. ಗಾಲಿ ನಟ್ಟುಗಳನ್ನು ಆಗ ಇನ್ನೊಮ್ಮೆ ಬಿಗಿಯಿರಿ. ಮುಂದೆ ಹೊಳೆಗೆ ಹೋದಾಗಲೆಲ್ಲ ದಾರಿಯಲ್ಲಿ ನಿಂತು ಮುಟ್ಟಿ ನೋಡುವುದು ರೂಢಿಯಾಗಲಿ. ವರ್ಷಕ್ಕೆ ಎರಡು ಸಲ ಬಿಚ್ಚಬೇಕು, ಮಿರಗದ ಮುಂಚೆ ಒಮ್ಮೆ, ಹೊಳೆ ಇಳಿದ ಮೇಲೆ ಒಮ್ಮೆ. ಎರಡರಲ್ಲಿ ಒಂದೇ ಸಾಧ್ಯ ಅಂದರೆ ನಾನು ಹೊಳೆ ಇಳಿದ ಮೇಲಿನದನ್ನೇ ಆರಿಸುತ್ತೇನೆ. ಒಳಗೆ ಹೋದ ನೀರು ಚಳಿಗಾಲ, ಬೇಸಿಗೆ ಪೂರ್ತಿ ಅಲ್ಲೇ ಕೂರಬಾರದು. ಶೆಡ್ಡಿನಲ್ಲಿ ಇಡುವಾಗ ಫ್ರೇಮಿಗೆ ಕಲ್ಲು ಕೊಟ್ಟು ಗಾಲಿ ಎತ್ತಿಡಿ, ಆಗಾಗ ಕೈಯಿಂದ ತಿರುಗಿಸಿ.

ಗ್ರೂಪಿನಲ್ಲಿ ಒಬ್ಬರು ಬರೆದಿದ್ದಾರೆ, ತಾಲೂಕಿನಿಂದ ದುಡ್ಡು ಬರಲಿ, ಆಮೇಲೆ ರಿಪೇರಿ ಮಾಡಿಸೋಣ ಅಂತ. ಅಣ್ಣಾರೆ, ಅರ್ಜಿ ಕೊಡಿ, ಬೇಡ ಅನ್ನುವುದಿಲ್ಲ. ಆದರೆ ನೀವು ದೋಣಿ ಇಳಿಸುವ ಅದೇ ಚಿಕ್ಕಪಡಸಲಗಿಯಲ್ಲಿ 1989ರಲ್ಲಿ ರೈತರೇ ದುಡ್ಡು ಕೂಡಿಸಿ, ತಾವೇ ದುಡಿದು ಬ್ಯಾರೇಜ್ ಕಟ್ಟಿದರು. ನಾಲ್ಕು ಬೇರಿಂಗ್, ಎರಡು ಸೀಲ್, ಒಂದು ಡಬ್ಬಿ ಗ್ರೀಸಿಗೆ ನಾವು ಕಾಯುವುದು ಬೇಡ. ನನ್ನ ಪಾಲು ನಾನು ಕೊಡುತ್ತೇನೆ, ಕೂಲಿ ಬೇಡ. ಒಂದು ಸೆಟ್ ಜಾಸ್ತಿಯೇ ತಂದು, ಗ್ರೀಸ್ ಹಚ್ಚಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಸೀಲ್, ಪಿನ್, ಪಾನಾ ಜೊತೆ ದೋಣಿಯಲ್ಲೇ ಇಡೋಣ. ನೆರೆ ಬಂದಾಗ ಅಂಗಡಿ ತೆರೆದಿರುತ್ತದೆ ಅನ್ನುವ ಭರವಸೆ ಇಲ್ಲ.

ತಮ್ಮಾ, ನೀನು ಈಗ ಇಷ್ಟು ಮಾಡು. ಬಲಗಾಲಿಯ ಕ್ಯಾಪ್ ತೆಗೆದು ಗ್ರೀಸಿನ ಬಣ್ಣ ಕಾಣುವ ಹಾಗೆ ಒಂದು ಫೋಟೋ ಹಾಕು. ಹೊರಗಿನ ಬೇರಿಂಗ್ ಬಿಚ್ಚಲು ಬಂದರೆ ಒರೆಸಿ ನಂಬರಿನ ಫೋಟೋ ಹಾಕು. ಬರದಿದ್ದರೆ ಬಡಿಯಬೇಡ, ಹಾಗೇ ಬಿಡು. ಭಾನುವಾರ ಮುಂಜಾನೆ ನಾನು ಪುಲ್ಲರ್, ಹಿತ್ತಾಳೆ ರಾಡ್ ತರುತ್ತೇನೆ. ಎರಡು ಗಟ್ಟಿ ಸ್ಟ್ಯಾಂಡ್, ಐದು ಲೀಟರ್ ಡೀಸೆಲ್, ಹಳೆಯ ಬಟ್ಟೆ ನೀವು ಕೂಡಿಸಿ ಇಡಿ. ಈ ಸಲ ಟ್ರೇಲರ್ ಎಳೆಯುವ ಹುಡುಗರು ಎಲ್ಲರೂ ಬರಲಿ, ಒಂದು ಗಾಲಿ ನಾನು ಕಟ್ಟಿ ತೋರಿಸುತ್ತೇನೆ, ಇನ್ನೊಂದು ಅವರೇ ಕಟ್ಟಲಿ.