ಪಿಟ್ಸ್‌ಬರ್ಗ್ ಈಗಲೂ ಹೊಗೆಯ ಊರೇನಾ?

ಪ್ರಶ್ನೆ: ಮಗಳಿಗೆ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಸೀಟು ಸಿಕ್ಕಿದೆ. ನಮ್ಮಣ್ಣ ‘ಅದು ಉಕ್ಕಿನ ಊರು, ಬರೀ ಹೊಗೆ’ ಅಂತಾರೆ. ನಿಜಾನಾ?

ಉತ್ತರ 1: ಅದು ಹಳೇ ಕಥೆ ಸರ್. ಊರಿನ ಪಕ್ಕದ ಹೋಮ್‌ಸ್ಟೆಡ್ ಉಕ್ಕಿನ ಕಾರ್ಖಾನೆ 1986ರಲ್ಲೇ ಮುಚ್ಚಿತು. ನದಿ ದಡದ ಆ ಜಾಗದಲ್ಲಿ ಈಗ ಅಂಗಡಿ, ಹೋಟೆಲು. 12 ಚಿಮಣಿಗಳ ಸಾಲನ್ನು ಮಾತ್ರ ಉಳಿಸಿದ್ದಾರೆ. ನನಗೆ ತುಂಬಾ ಇಷ್ಟವಾಗಿದ್ದು ಊರೊಳಗಿನ ಹೇಜಲ್‌ವುಡ್ ಬಡಾವಣೆಯ ಮಿಲ್ 19. ಹಳೇ ಕಾರ್ಖಾನೆಯ ಉಕ್ಕಿನ ಕಂಬ, ತೊಲೆ ಹಾಗೇ ನಿಂತಿವೆ. ಒಳಗೆ ಹೊಸ ಕಟ್ಟಡ, ರೋಬೋಟ್ ಲ್ಯಾಬ್. ಮೇಲೆ ಪೂರ್ತಿ ಸೋಲಾರ್.

ಉತ್ತರ 2: ಹೊಗೆ ಪೂರ್ತಿ ಹೋಗಿಲ್ಲ. ಹತ್ತಿರದ ಕ್ಲೇರ್ಟನ್‌ನಲ್ಲಿ ಕಲ್ಲಿದ್ದಲು ಸುಟ್ಟು ಕೋಕ್ (ಉಕ್ಕು ತಯಾರಿಕೆಗೆ ಬೇಕಾದ ಇಂಧನ) ಮಾಡುವ ಘಟಕ ಇನ್ನೂ ನಡೀತಿದೆ. ಕೆಲವು ಬೆಳಗ್ಗೆ ಕೊಳೆತ ಮೊಟ್ಟೆ ವಾಸನೆ ಬರುತ್ತೆ. ಮಗಳಿಗೆ ಆಸ್ತಮಾ ಇದ್ರೆ ಆ ಕಡೆ ಮನೆ ಬೇಡ.

ಪ್ರಶ್ನೆ ಕೇಳಿದವರು: ಆಸ್ತಮಾ ಇಲ್ಲ. ಅಣ್ಣನಿಗೂ ತೋರಿಸ್ತೀನಿ, ಥ್ಯಾಂಕ್ಸ್.