ಘಾಟಿ ಹತ್ತುವಾಗ ಮಾತ್ರ ಚೆಕ್ ಇಂಜಿನ್ ಲೈಟ್: ನಾಲ್ಕೂ ಇಂಜೆಕ್ಟರ್ ಬದಲಿಸಬೇಕಾ?

ಪ್ರಶ್ನೆ: ಅಣ್ಣಾ, ನಮ್ಮದು 2013ರ ಪಿಕಪ್, ಕಾಮನ್ ರೈಲ್ ಡೀಸೆಲ್. ಹಾಸನದಿಂದ ಮಂಗಳೂರಿಗೆ ತರಕಾರಿ ಹೊಡೆಯುತ್ತೇವೆ. ಇಳಿಯುವಾಗ ಏನೂ ತೊಂದರೆ ಇಲ್ಲ. ವಾಪಸ್ ಲೋಡ್ ಸಿಕ್ಕಿದ ದಿನ ಗುಂಡ್ಯ ದಾಟಿ ಶಿರಾಡಿ ಹತ್ತೋಕೆ ಶುರು ಮಾಡಿದರೆ ಸಾಕು, ಲೈಟ್ ಉರಿದು ಎಳೆತವೇ ಸತ್ತು ಹೋಗುತ್ತದೆ. ಸೈಡಿಗೆ ಹಾಕಿ ಕೀ ಆಫ್ ಮಾಡಿ ಆನ್ ಮಾಡಿದರೆ ಎಳೆತ ಬರುತ್ತದೆ, ಲೈಟ್ ಮಾತ್ರ ಉಳಿಯುತ್ತದೆ. ಸ್ಕ್ಯಾನರ್ ಹಾಕಿದರೆ ಪಿ0087. ಮೆಕ್ಯಾನಿಕ್ ರೈಲ್ ಪ್ರೆಶರ್ ಸೆನ್ಸರ್ ಬದಲಿಸಿದ, ಏನೂ ಆಗಲಿಲ್ಲ. ಈಗ ನಾಲ್ಕೂ ಇಂಜೆಕ್ಟರ್ ಹೋಗಿವೆ, 60 ಸಾವಿರ ಆಗುತ್ತದೆ ಅಂತಿದ್ದಾನೆ. ಮಾಡಿಸಲಾ?

ಉತ್ತರ (ಡೀಸೆಲ್ ಮೆಕ್ಯಾನಿಕ್): ಸ್ವಲ್ಪ ತಡೀರಿ. ರೈಲ್ ಅಂದರೆ ಇಂಜಿನ್ ಒಳಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್‌ಗಳಿಗೆ ಡೀಸೆಲ್ ಹಂಚುವ ಪೈಪು. ಪಿ0087 ಅಂದರೆ ಆ ರೈಲ್‌ನಲ್ಲಿ ಇರಬೇಕಾದಷ್ಟು ಪ್ರೆಶರ್ ಇಲ್ಲ ಅಂತ, ಅಷ್ಟೇ. ಯಾವ ಪಾರ್ಟ್ ಹೋಗಿದೆ ಅಂತ ಅದು ಹೇಳುವುದಿಲ್ಲ. ಸೆನ್ಸರ್ ಹೇಳಿದ್ದು ನಿಜ ಇರಬಹುದು, ಅದನ್ನೇ ಕಿತ್ತು ಹಾಕಿದರೆ ಏನು ಬಂತು?

ಐಡಲ್‌ನಲ್ಲಿ ಇಂಜಿನ್‌ಗೆ ಬೇಕಾಗುವುದು ಸುಮಾರು 300 ಬಾರ್ ಪ್ರೆಶರ್, ಡೀಸೆಲ್ ಕೂಡ ಚೂರೇ ಚೂರು. ಲೋಡ್ ಹೊತ್ತು ಘಾಟಿ ಹತ್ತುವಾಗ ಸಾವಿರ ಬಾರ್ ದಾಟುತ್ತದೆ, ಡೀಸೆಲ್ಲೂ ಜಾಸ್ತಿ ಬೇಕು. ಅಷ್ಟು ಡೀಸೆಲ್ ಟ್ಯಾಂಕಿನಿಂದ ಪಂಪಿಗೆ ಬರದಿದ್ದರೆ ಪಂಪ್ ಎಲ್ಲಿಂದ ಕೊಡುತ್ತದೆ? ಕಂಪ್ಯೂಟರ್ ಕೇಳಿದ್ದಕ್ಕೂ ಸಿಕ್ಕಿದ್ದಕ್ಕೂ ಅಂತರ ಜಾಸ್ತಿ ಆದಾಗ ಕೋಡ್ ಹಾಕಿ ಲಿಂಪ್ ಮೋಡ್‌ಗೆ ಹೋಗುತ್ತದೆ, ಅಂದರೆ ಇಂಜಿನ್ ಉಳಿಸೋಕೆ ಎಳೆತ ಕಮ್ಮಿ ಮಾಡುತ್ತದೆ. ನಿಮ್ಮ ಗಾಡಿ ಮಾಡುತ್ತಿರುವುದು ಇದನ್ನೇ.

ಇಷ್ಟು ಹೇಳಿ. ಫ್ಯುಯೆಲ್ ಫಿಲ್ಟರ್ ಯಾವಾಗ ಹಾಕಿದ್ದು, ಒರಿಜಿನಲ್ಲಾ? ಕೆಳಗಿನ ಸ್ಕ್ರೂ ಬಿಚ್ಚಿ ನೀರು ತೆಗೆದಿದ್ದೀರಾ? ಬೆಳಗ್ಗೆ ಸ್ಟಾರ್ಟ್ ಮಾಡುವ ಮೊದಲು ಫಿಲ್ಟರ್ ಮೇಲಿನ ಕೈ ಪಂಪ್ ಒತ್ತಿ ನೋಡಿ, ಗಟ್ಟಿ ಇದೆಯಾ ಮೆತ್ತಗಿದೆಯಾ? ಮತ್ತೆ, ಟ್ಯಾಂಕ್ ಫುಲ್ ಇದ್ದಾಗಲೂ ಹೀಗೆ ಆಗುತ್ತದಾ?

ಪ್ರಶ್ನೆ ಕೇಳಿದವರು: ಫಿಲ್ಟರ್ ಹೊಸದು ಅಣ್ಣಾ, ನೀರೂ ಬರಲಿಲ್ಲ. ಕೈ ಪಂಪ್ ಬೆಳಗ್ಗೆ ಮೆತ್ತಗೇ ಇರುತ್ತದೆ, ಸ್ಟಾರ್ಟ್ ಆಗೋಕೂ ಸೆಲ್ಫ್ ಜಾಸ್ತಿ ಹೊತ್ತು ಹೊಡೆಯಬೇಕು. ಟ್ಯಾಂಕ್ ವಿಷಯ ನೀವು ಕೇಳಿದ ಮೇಲೇ ಹೊಳೆದಿದ್ದು. ಮಂಗಳೂರಲ್ಲಿ ಫುಲ್ ಮಾಡಿಸಿದ ದಿನ ಆಗಲ್ಲ, ಅರ್ಧಕ್ಕಿಂತ ಕಮ್ಮಿ ಇದ್ದಾಗಲೇ ಆಗೋದು.

ಇನ್ನೊಬ್ಬರು: ಬ್ಯಾಟರಿ ಟರ್ಮಿನಲ್ ಹತ್ತು ನಿಮಿಷ ಬಿಚ್ಚಿಡಿ ಬ್ರದರ್, ಲೈಟ್ ಹೋಗುತ್ತದೆ. ಇಜಿಆರ್ ಕೂಡ ಮುಚ್ಚಿಸಿಬಿಡಿ.

ಉತ್ತರ: ದಯವಿಟ್ಟು ಎರಡೂ ಬೇಡ. ಕೋಡ್ ಬಿದ್ದ ಗಳಿಗೆಯಲ್ಲಿ ಆರ್‌ಪಿಎಂ ಎಷ್ಟಿತ್ತು, ಲೋಡ್ ಎಷ್ಟಿತ್ತು ಅಂತ ಕಂಪ್ಯೂಟರ್ ಬರೆದಿಟ್ಟಿರುತ್ತದೆ, ಫ್ರೀಜ್ ಫ್ರೇಮ್ ಅಂತಾರೆ. ಬ್ಯಾಟರಿ ಬಿಚ್ಚಿದರೆ ಅದೂ ಅಳಿಸಿಹೋಗಬಹುದು, ತಪ್ಪು ಮಾತ್ರ ಹಾಗೇ ಇರುತ್ತದೆ. ಇಜಿಆರ್ ಅಂದರೆ ಹೊಗೆಯಲ್ಲಿ ಸ್ವಲ್ಪವನ್ನು ಮತ್ತೆ ಇಂಜಿನ್ ಒಳಗೆ ಬಿಡುವ ವಾಲ್ವ್. ಅದಕ್ಕೂ ಈ ಕೋಡಿಗೂ ಸಂಬಂಧವೇ ಇಲ್ಲ, ಅದನ್ನು ಮುಚ್ಚಿದರೆ ಇನ್ನೊಂದು ಕೋಡ್ ಬರುತ್ತದೆ.

ಹಾಸನದವರೇ, ಕೈ ಪಂಪ್ ಮೆತ್ತಗೆ, ಬೆಳಗ್ಗೆ ಸ್ಟಾರ್ಟ್ ಕಷ್ಟ, ಟ್ಯಾಂಕ್ ಕಮ್ಮಿ ಇದ್ದಾಗಲೇ ತೊಂದರೆ. ಮೂರೂ ಸೇರಿದರೆ ನನ್ನ ಅನುಮಾನ ಗಾಳಿ ಮೇಲೆ. ನಿಮ್ಮ ಗಾಡಿಯಲ್ಲಿ ಕೈ ಪಂಪ್ ಇರುವುದರಿಂದ ಟ್ಯಾಂಕಿನೊಳಗೆ ಕರೆಂಟ್ ಪಂಪ್ ಇರಲಿಕ್ಕಿಲ್ಲ, ಇಂಜಿನ್ ಕಡೆಯ ಪಂಪೇ ಅಷ್ಟು ದೂರದಿಂದ ಎಳೆದುಕೊಳ್ಳಬೇಕು. ಎಳೆಯುವ ಪೈಪಿನಲ್ಲಿ ಸಣ್ಣ ಸೀಳಿದ್ದರೂ ಡೀಸೆಲ್ ಹೊರಗೆ ತೊಟ್ಟಿಕ್ಕಲೇಬೇಕೆಂದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಅದಕ್ಕೇ ಯಾರ ಕಣ್ಣಿಗೂ ಬೀಳುವುದಿಲ್ಲ. ಟ್ಯಾಂಕ್ ಖಾಲಿಯಾದಷ್ಟೂ ಎಳೆಯುವ ಕಷ್ಟ ಜಾಸ್ತಿ, ಗಾಳಿಯೂ ಜಾಸ್ತಿ.

ಫಿಲ್ಟರ್‌ಗೆ ಬರುವ ಪೈಪಿನಲ್ಲಿ ಒಂದು ಗೇಣು ಪಾರದರ್ಶಕ ಹೋಸ್ ಹಾಕಿ, ಎರಡೂ ಕಡೆ ಕ್ಲಿಪ್ ಬಿಗಿಯಾಗಿರಲಿ. ಕೈ ಪಂಪ್ ಹೊಡೆದು ಸ್ಟಾರ್ಟ್ ಮಾಡಿ, ನಿಂತಲ್ಲೇ 2500 ಆರ್‌ಪಿಎಂಗೆ ಏರಿಸಿ ನೋಡಿ. ಮೊದಲು ಒಂದೆರಡು ಗುಳ್ಳೆ ಬರುವುದು ಸಹಜ. ನಿಲ್ಲದೆ ಬರುತ್ತಿದ್ದರೆ ಟ್ಯಾಂಕ್ ಕಡೆಯಿಂದ ಹುಡುಕಿಕೊಂಡು ಬನ್ನಿ. ಗುಳ್ಳೆ ಇಲ್ಲದಿದ್ದರೆ ಆಮೇಲೆ ಇಂಜೆಕ್ಟರ್ ರಿಟರ್ನ್ ಟೆಸ್ಟ್: ಇಂಜೆಕ್ಟರ್‌ಗಳಿಂದ ಉಳಿದ ಡೀಸೆಲ್ ವಾಪಸ್ ಹೋಗುವ ನಾಲ್ಕು ರಿಟರ್ನ್ ಪೈಪಿಗೂ ಒಂದೊಂದು ಬಾಟಲಿ ಕಟ್ಟಿ ಇಂಜಿನ್ ಓಡಿಸುವುದು. ಯಾವ ಬಾಟಲಿ ಬೇಗ ತುಂಬುತ್ತದೋ ಆ ಇಂಜೆಕ್ಟರ್ ಸೋರುತ್ತಿದೆ. ಈ ಟೆಸ್ಟ್ ಮಾಡದೆ ನಾಲ್ಕೂ ಹೋಗಿವೆ ಅನ್ನುವವರ ಮಾತು ನಂಬಬೇಡಿ.

ಒಂದು ಎಚ್ಚರಿಕೆ. ಹಳೇ ಲಾರಿಗಳಲ್ಲಿ ಏರ್ ತೆಗೆಯೋಕೆ ಇಂಜಿನ್ ಓಡುವಾಗಲೇ ಇಂಜೆಕ್ಟರ್ ಪೈಪಿನ ನಟ್ ಸಡಿಲ ಮಾಡುತ್ತಿದ್ದೆವು. ಕಾಮನ್ ರೈಲ್‌ನಲ್ಲಿ ಅದನ್ನು ಯಾವತ್ತೂ ಮಾಡಬೇಡಿ. ಆ ಪ್ರೆಶರ್‌ಗೆ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಕಾಣುತ್ತದೆ, ಒಳಗೆ ಕೈಯೇ ಕೊಳೆಯಬಹುದು. ಹಾಗಾದರೆ ನೋವಿಲ್ಲ ಅಂತ ಸುಮ್ನೆ ಕೂರದೆ ಆಗಲೇ ದೊಡ್ಡ ಆಸ್ಪತ್ರೆಗೆ ಓಡಿ.

ಪ್ರಶ್ನೆ ಕೇಳಿದವರು: ಅಣ್ಣಾ, ಗುಳ್ಳೆ ನಿಲ್ಲಲೇ ಇಲ್ಲ! ಟ್ಯಾಂಕ್ ಮೇಲೆ ರಬ್ಬರ್ ಹೋಸ್ ಸೇರುವ ಜಾಗದಲ್ಲಿ, ಕ್ಲಿಪ್ ಅಡಿಯಲ್ಲೇ ಸೀಳು ಬಿಟ್ಟಿತ್ತು. ಬಗ್ಗಿಸಿದಾಗ ಮಾತ್ರ ಬಾಯಿ ಬಿಡುತ್ತಿತ್ತು. ಹೋಸ್, ಎರಡು ಕ್ಲಿಪ್ ಬದಲಿಸಿದೆವು. ನಿನ್ನೆ ಕಾಲು ಟ್ಯಾಂಕ್‌ನಲ್ಲಿ ಲೋಡ್ ಸಮೇತ ಸಕಲೇಶಪುರದವರೆಗೂ ಬಂದೆ, ಎಳೆತ ಎಲ್ಲೂ ಬೀಳಲಿಲ್ಲ. ಲೈಟ್ ಮಾತ್ರ ಇನ್ನೂ ಇದೆ.

ಉತ್ತರ: ತಪ್ಪು ಮತ್ತೆ ಬರದಿದ್ದರೆ ಕೆಲವು ಓಡಾಟ ಆದಮೇಲೆ ತಾನೇ ಆರುತ್ತದೆ. ಅವಸರ ಇದ್ದರೆ ಈಗ ಸ್ಕ್ಯಾನರ್‌ನಲ್ಲಿ ಅಳಿಸಿ, ರಿಪೇರಿ ಆದಮೇಲೆ ಅಳಿಸಿದರೆ ತಪ್ಪಿಲ್ಲ. ರಿಟರ್ನ್ ಟೆಸ್ಟ್ ಕೂಡ ಬಿಡುವಾದಾಗ ಮಾಡಿಸಿಡಿ, ಗಾಡಿಗೆ ವಯಸ್ಸಾಗಿದೆ ಅಲ್ವಾ.

ಮತ್ತೊಬ್ಬರು: ಸಾರ್, ಆನ್‌ಲೈನ್‌ನಲ್ಲಿ ಸಿಗುವ ಚಿಕ್ಕ ಬ್ಲೂಟೂತ್ ಸ್ಕ್ಯಾನರ್ ನಮ್ಮ ಹತ್ತು ಚಕ್ರದ ಲಾರಿಗೂ ಆಗುತ್ತದಾ?

ಉತ್ತರ: ಚುಚ್ಚಬೇಡಿ. ನಿಮ್ಮದು 24 ವೋಲ್ಟ್, ಅಗ್ಗದವು ಹೆಚ್ಚಿನವು 12 ವೋಲ್ಟ್‌ಗೆ ಮಾಡಿದವು, ಸುಟ್ಟು ಹೋಗಬಹುದು. ದೊಡ್ಡ ಲಾರಿಗಳಲ್ಲಿ ಹೆಚ್ಚಾಗಿ ಜೆ1939 ಅನ್ನುವ ಬೇರೆ ಪದ್ಧತಿ ಇರುತ್ತದೆ, ಪಿ ಕೋಡ್ ಬದಲು ತೊಂದರೆ ಎಲ್ಲಿ ಅಂತ ಹೇಳುವ ಎಸ್‌ಪಿಎನ್, ಯಾವ ಥರದ್ದು ಅಂತ ಹೇಳುವ ಎಫ್‌ಎಂಐ ನಂಬರ್ ಬರುತ್ತವೆ. 24 ವೋಲ್ಟ್‌ಗೆ ಆಗುತ್ತದೆ ಅಂತ ಬರೆದಿರುವ ಸ್ಕ್ಯಾನರ್ ಇರುವ ಗ್ಯಾರೇಜಿಗೆ ಹೋಗಿ, ಆ ಎರಡೂ ನಂಬರ್ ಬರೆದುಕೊಂಡು ಇಲ್ಲಿ ಹಾಕಿ.