ಅಪ್‌ಡೇಟ್: ಹೋಲ್ಡಿಂಗ್ ಆದಾಗ 10 ಯಾರ್ಡ್ ಎಲ್ಲಿಂದ ಎಣಿಸುತ್ತಾರೆ?

ಎನ್‌ಎಫ್‌ಎಲ್ (ಅಮೆರಿಕನ್ ಫುಟ್‌ಬಾಲ್ ಲೀಗ್) ಪಂದ್ಯಗಳಲ್ಲಿ ಆಫೆನ್ಸ್ (ಚೆಂಡು ಇರುವ ತಂಡ) ಹೋಲ್ಡಿಂಗ್ ಮಾಡಿದರೆ, ಅಂದರೆ ಎದುರಾಳಿಯನ್ನು ಅಕ್ರಮವಾಗಿ ಹಿಡಿದರೆ, 10 ಯಾರ್ಡ್ ದಂಡ ಅಂತ ಗೊತ್ತಿತ್ತು. ಆದರೆ ಒಮ್ಮೊಮ್ಮೆ ಚೆಂಡು 2 ಯಾರ್ಡ್ ಮಾತ್ರ ಹಿಂದೆ ಹೋಗುತ್ತದೆ, ಯಾಕೆ ಅಂತ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್, ಈಗ ಪೂರ್ತಿ ಅರ್ಥವಾಯಿತು.

ಗುಟ್ಟು ಇರುವುದು ತಪ್ಪು ನಡೆದ ಜಾಗದಲ್ಲಿ. ತಮ್ಮ 30ನೇ ಯಾರ್ಡ್ ಗೆರೆಯಲ್ಲಿ ಫಸ್ಟ್ ಡೌನ್ (10 ಯಾರ್ಡ್ ಮುಂದೆ ಹೋಗಲು ಸಿಗುವ ನಾಲ್ಕು ಅವಕಾಶಗಳಲ್ಲಿ ಮೊದಲನೆಯದು), ಇನ್ನೂ 10 ಬೇಕು ಅಂದುಕೊಳ್ಳಿ. ರನ್ನರ್ 45ರವರೆಗೆ ಓಡಿದ. ಆದರೆ 38ರ ಹತ್ತಿರ ಅವನ ಜೊತೆಗಾರ ಎದುರಾಳಿಯ ಜೆರ್ಸಿ ಹಿಡಿದೆಳೆದಿದ್ದ. ಆಗ 38ರಿಂದ 10 ಕಳೆಯುತ್ತಾರೆ. ಚೆಂಡು 28ಕ್ಕೆ, ಮತ್ತೆ ಫಸ್ಟ್ ಡೌನ್, 12 ಯಾರ್ಡ್ ಬೇಕು. ಓಟದ ಲಾಭ ಪೂರ್ತಿ ಹೋಯಿತು ಅಲ್ವಾ, ಅದೇ ದೊಡ್ಡ ಶಿಕ್ಷೆ!

ಸ್ಕ್ರಿಮೇಜ್ ಗೆರೆಯ (ಆಟ ಶುರುವಾದ ಗೆರೆ, ಇಲ್ಲಿ 30) ಹಿಂದೆ ಹಿಡಿದರೆ 30ರಿಂದಲೇ ಎಣಿಕೆ, ಚೆಂಡು 20ಕ್ಕೆ. ತಮ್ಮ ಗೋಲ್ ಗೆರೆ ತೀರಾ ಹತ್ತಿರವಿದ್ದರೆ ಅರ್ಧ ದೂರ ಮಾತ್ರ. 8ರಲ್ಲಿದ್ದರೆ 4ಕ್ಕೆ. ತಮ್ಮದೇ ಎಂಡ್ ಝೋನ್ (ಗೋಲ್ ಗೆರೆಯ ಹಿಂದಿನ ಜಾಗ) ಒಳಗೆ ಹಿಡಿದರೆ ಸೇಫ್ಟಿ, ಎದುರಾಳಿಗೆ 2 ಪಾಯಿಂಟ್.

ನನಗೆ ತುಂಬಾ ಇಷ್ಟವಾದದ್ದು ಡಿಫೆನ್ಸ್‌ಗೆ (ಎದುರಾಳಿ ತಂಡಕ್ಕೆ) ಇರುವ ಆಯ್ಕೆ. ಥರ್ಡ್ ಡೌನ್‌ನಲ್ಲಿ ಪಾಸ್ ಕೈತಪ್ಪಿದ್ದರೆ ಅವರು ಸಾಮಾನ್ಯವಾಗಿ ದಂಡ ಬೇಡ ಅನ್ನುತ್ತಾರೆ. ತಗೊಂಡರೆ ಆಫೆನ್ಸ್‌ಗೆ ಥರ್ಡ್ ಡೌನ್ ಮತ್ತೆ ಸಿಗುತ್ತದೆ, ಬೇಡ ಅಂದರೆ ನೇರ ಫೋರ್ತ್ ಡೌನ್, ಅಂದರೆ ಕೊನೆಯ ಅವಕಾಶ.